ಬೈಂದೂರಿನ ಬಲಗೈ

ಮೊನ್ನೆ ಅಂಗಡಿಗೆ ಬಂದ ಗಿರಾಕಿಯೊಬ್ಬರು ತಮ್ಮ ಯಂತ್ರದ ಕೈಯ ಕೀಲಿಗೆ ತೆಂಗಿನೆಣ್ಣೆ ಬಿಟ್ಟುಕೊಂಡರು. ಬಿಸಿ ತಾಮ್ರಕ್ಕೆ ಎಣ್ಣೆ ತಾಗಿದ ಆ ವಾಸನೆ... ಮೀನು ಮಾರುತ್ತಿದ್ದ ಅಕ್ಕ ಬಂದು ಬಳಿಯಲ್ಲೇ ನಿಂತಂತಾಯಿತು.

ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಅಕ್ಕನ ಕೈಗುಣ ಹೆಸರುವಾಸಿ. ಹೊಸ ಅಂಗಡಿ ತೆರೆದರೆ ಬೋಣಿಗೆ, ಅಂದರೆ ಮೊದಲ ವ್ಯಾಪಾರಕ್ಕೆ, ಅವರೇ ಬೇಕು. ಹೀಗಿರುವಾಗ ಐಸ್ ಪುಡಿ ಮಾಡುವ ಮೆಷಿನ್ನಿಗೆ ಸಿಕ್ಕಿ ಅವರ ಬಲಗೈ ಹೋಯಿತು.

ಬೈಂದೂರಿನಲ್ಲಿ ಆಗ ಕೈಕಾಲು ಕಟ್ಟಿಕೊಡುವ ಶೆಡ್ಡೊಂದಿತ್ತು. ತಾಮ್ರದ ನರ, ಬ್ಯಾಟರಿ, ಮಣಿಕಟ್ಟಿನೊಳಗೆ ಸಣ್ಣ ಕುಪ್ಪಿಯಲ್ಲಿ ಹೊಳೆ ಕಡಲು ಸೇರುವ ಅಳಿವೆಯ ನೀರು. ಆ ನೀರಿಲ್ಲದೆ ಬೆರಳು ಆಡುತ್ತಿರಲಿಲ್ಲ. ಉಬ್ಬರದಲ್ಲಿ ಹಿಡಿತ ಬಿಗಿ, ಇಳಿತದಲ್ಲಿ ಸಡಿಲ. ಕೊಳ್ಳುವವರಿಗೆ ನನ್ನದೊಂದು ಮಾತು: ಇಳಿತದ ಹೊತ್ತಿಗೇ ಹೋಗಿ ನೋಡಿ, ಕೈಯ ಬಂಡವಾಳ ಆಗ ತಿಳಿಯುತ್ತದೆ. ಅಕ್ಕನ ಕೈ ಇಳಿತದಲ್ಲೂ ಬೂತಾಯಿ ಮೀನನ್ನು ನಲುಗಿಸದೆ ಎತ್ತುತ್ತಿತ್ತು.

ಆದರೆ ಬೋಣಿಗೆ ಕರೆಯುವುದು ನಿಂತಿತು. ಜೀವವಿರುವ ಕೈ ಎಡದ್ದು. ಎಡಗೈಯಲ್ಲಿ ಬೋಣಿ ಮಾಡುವುದುಂಟೇ? ಬಲದ್ದೋ ಯಂತ್ರ, ಯಂತ್ರಕ್ಕೆಲ್ಲಿಯ ಕೈಗುಣ? ಅಕ್ಕ ನಗುತ್ತಲೇ ಇದ್ದರು. ಮೀನು ತೂಗುವ ಹೊತ್ತು ಬಿಟ್ಟರೆ ಬಲಗೈ ಮಾತ್ರ ಸೆರಗಿನೊಳಗೆ ಸೇರಿಕೊಂಡಿತು...

ಆ ವರ್ಷ ನಾನು ಹಗ್ಗ, ಬಲೆಯ ಅಂಗಡಿ ಹಾಕಿದೆ. ಊರು ಬೇಡವೆಂದದ್ದನ್ನು ಹಿಡಿದೇ ಮೇಲೆ ಬಂದವನು ನಾನು. ಅದಕ್ಕಿಂತ ಹೆಚ್ಚಾಗಿ, ಆ ಸೆರಗಿನ ಮರೆ ನನ್ನಿಂದ ನೋಡಲಾಗುತ್ತಿರಲಿಲ್ಲ. ಅಕ್ಕನನ್ನೇ ಬೋಣಿಗೆ ಕರೆದೆ.

ಎದುರಿನ ಐಸಿನವನು ಕೂಗಿದ: “ಹ್ವಾಯ್, ಬ್ಯಾಟರಿ ಮುಗದ್ರೆ ನಿನ್ ಅಂಗ್ಡಿಯೂ ಮುಚ್ಚತ್ತ್ ಕಾಣ್!”

ಅಕ್ಕ ಮೆಟ್ಟಿಲಲ್ಲೇ ನಿಂತರು. “ಯಾವ ಕೈಯಂಗೆ ಕೊಡೂದ್ ಹೇಳ್, ಮಾಣಿ? ಜೀವ ಇಪ್ದ್ ಎಡದ್ದ್. ಬಲದ್ದ್ ಬೈಂದೂರಿಂದ್.”

“ದಿನಾ ಮೀನ್ ತೂಗೂದ್ ಯಾವ ಕೈಯಂಗೆ ಅಕ್ಕಾ? ಅದ್ರಂಗೇ ಕೊಡಿ.”

ಅಕ್ಕ ಸೆರಗಿನಿಂದ ಬಲಗೈ ತೆಗೆದು, ಎಡಗೈಯನ್ನು ಅದರಡಿಗೆ ಆನಿಸಿ ನಾಣ್ಯ ನೀಡಿದರು. ಕಣ್ಣು ತುಂಬಿತ್ತು. ನಾನು ಹಗ್ಗ ಅಳೆಯುವಷ್ಟರಲ್ಲಿ ದನಿ ಮಾತ್ರ ಹಳೆಯದೇ: “ಬೋಣಿ ಗಿರಾಕಿ ನಾ. ಒಂದ್ ಮಾರ್ ಹೆಚ್ಚ್ ಹಾಕ್ ಕಾಂಬ!” ಜನ್ಮದಲ್ಲಿ ಮೊದಲ ಸಲ ಚೌಕಾಶಿ ಮಾಡದೆ ಕೊಟ್ಟೆ.

ಅಂಗಡಿ ನಡೆದದ್ದು ನಾನು ಬೆಲೆ ಸರಿ ಇಟ್ಟದ್ದಕ್ಕೆ ಎಂದು ಈಗಲೂ ನನ್ನ ವಾದ. ಪೇಟೆಯವರು ಅಕ್ಕನ ಕೈಗುಣ ಎಂದರು. ನಾನು ತಕರಾರು ತೆಗೆಯಲಿಲ್ಲ. ಮರುವರ್ಷ ಅದೇ ಐಸಿನವನು ಹೊಸ ಗಾಡಿಯ ಬೋಣಿಗೆ ಅಕ್ಕನ ಮನೆ ಬಾಗಿಲಲ್ಲಿ ಕಾದು ನಿಂತಿದ್ದ.

ಅಕ್ಕ ತೀರಿಹೋಗಿ ವರ್ಷಗಳಾದವು. ಈಗ ನನ್ನ ಮಗಳು ಬ್ರಹ್ಮಾವರದಲ್ಲಿ ಅಂಗಡಿ ತೆರೆಯುತ್ತಿದ್ದಾಳೆ. ಬಾಡಿಗೆ, ಬೀಗ, ಬೋರ್ಡು ಎಲ್ಲಕ್ಕೂ ಕೇಳದೆಯೇ ಸಲಹೆ ಕೊಟ್ಟೆ. ಬೋಣಿಗೆ ಯಾರನ್ನು ಕರೆಯಲಿ ಎಂದು ಆಕೆ ನಿನ್ನೆಯಿಂದ ಕೇಳುತ್ತಿದ್ದಾಳೆ... ನನ್ನ ಬಾಯಿಗೆ ಒಂದು ಹೆಸರೂ ಬರುತ್ತಿಲ್ಲ.