ಆಪಾಳ ನೀಲಿ ಬೀರು

ಆ ದಿನಗಳಲ್ಲಿ ಗುಂಡ್ಲುಪೇಟೆಯಲ್ಲಿ ಮದುವೆ ನಿಶ್ಚಯವಾಯಿತೆಂದರೆ ಜನ ಮೊದಲು ಛತ್ರ ಹುಡುಕುತ್ತಿದ್ದರು, ಆಮೇಲೆ ನಮ್ಮ ಅಬ್ಬನನ್ನು. ಹೆದ್ದಾರಿ ಪಕ್ಕದ ತಗಡಿನ ಶೆಡ್ಡಿನಲ್ಲಿ ಅಬ್ಬ ಕಬ್ಬಿಣದ ಬೀರು, ಮಂಚ ಮಾಡುತ್ತಿದ್ದರು. ಮನೆಯಲ್ಲಿ ನಮ್ಮದು ಉರ್ದು. ಶೆಡ್ಡಿಗೆ ಕಾಲಿಟ್ಟರೆ, ಕೆಲಸಕ್ಕಿದ್ದ ಮಾದೇವಣ್ಣನ ಜೊತೆ ಎಲ್ಲರಿಗೂ ಕನ್ನಡವೇ. ತಿನ್ನರ್ ವಾಸನೆ ಗಂಟಲು ಹಿಡಿಯದಿರಲೆಂದು ಪೇಂಟ್ ಹೊಡೆಯುವ ದಿನ ಅಬ್ಬ ಬೆಲ್ಲದ ಚೂರು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಆ ಬೆಲ್ಲದಾಸೆಗೇ ನಾನು ಸ್ಕೂಲು ಬಿಟ್ಟೊಡನೆ ಅಲ್ಲಿಗೆ ಓಡುತ್ತಿದ್ದೆ. ಪೇಂಟ್ ಡಬ್ಬಗಳ ಮುಚ್ಚಳವೇ ನನ್ನ ಅಡುಗೆಯಾಟದ ತಟ್ಟೆ.

ನನ್ನ ಅಕ್ಕನಿಗೆ, ನಾವು ಕರೆಯುತ್ತಿದ್ದದ್ದು ಆಪಾ ಎಂದು, ಚಾಮರಾಜನಗರದಲ್ಲಿ ಗಂಡು ಗೊತ್ತಾಯಿತು. ಅವಳಿಗೆ ನವಿಲುಗತ್ತಿನ ನೀಲಿಯ ಬೀರೇ ಬೇಕಂತೆ! ಅವಸರದ ಗಿರಾಕಿಗಳಿಗಾದರೆ ಅಬ್ಬ ಬೇಗ ಒಣಗುವ ಸ್ಪ್ರೇ ಪೇಂಟ್ ಹೊಡೆದು ಕಳಿಸುತ್ತಿದ್ದರು. ಮಗಳಿಗೆ ಮಾತ್ರ ಬ್ರಷ್ಷಿನಲ್ಲಿ ಎನಾಮಲ್.

“ಎನಾಮಲ್ ಒಣಗಾದು ನಿಧಾನ. ಆದ್ರೆ ಒಂದ್ಸಲ ಹಿಡ್ಕಂಡ್ರೆ ಬುಡಾಕಿಲ್ಲ ಕಣಮ್ಮಿ” ಎಂದಿದ್ದರು.

ಒಣಗಿದೆಯೇ ಎಂದು ಅಬ್ಬ ಹೆಬ್ಬೆರಳೊತ್ತಿ ನೋಡುತ್ತಿದ್ದರು. ಆಪಾ ಹಾಗೇ ಮಾಡಲು ಹೋಗಿ ಬೀರುವಿನ ಒಳಬಾಗಿಲ ಹಸಿ ಬಣ್ಣದ ಮೇಲೆ ಹೆಬ್ಬೆರಳು ಊರಿಬಿಟ್ಟಳು.

“ಥತ್, ಏನ್ ಮಾಡ್ಬುಟ್ಟೆ!” ಎಂದು ಅಬ್ಬ ಉಪ್ಪುಕಾಗದ ತೆಗೆದರು.

ಆಪಾ ಅವರ ಕೈ ಹಿಡಿದಳು. “ಉಜ್ಜಬ್ಯಾಡಿ ಅಬ್ಬಾ. ನನ್ ಬೀರು, ನನ್ ಗುರ್ತು. ಇರ್ಲಿ ಬುಡಿ.”

ಮದುವೆಯಾದ ಮರುವರ್ಷದ ಮಳೆಗಾಲದಲ್ಲಿ ಆಪಾ ಹೆರಿಗೆಯಲ್ಲಿ ತೀರಿಕೊಂಡಳು. ಮಗುವೂ ಉಳಿಯಲಿಲ್ಲ. ಮಗುವಿಲ್ಲದೆ ಹೋದವಳ ಸಾಮಾನು ತವರಿಗೆ ವಾಪಸು ಬರಬೇಕೆಂಬುದು ನಮ್ಮವರ ಪದ್ಧತಿ. ಬರಲಿ, ಬೇಡವೆಂದವರು ಯಾರು? ಆದರೆ ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆಯವರೆಗಾದರೂ ಕಾಯಬಾರದಿತ್ತೆ? ಅದಕ್ಕೂ ಮೊದಲೇ ಗಂಡನ ಮನೆಯವರು ಬೀರುವನ್ನು ಟೆಂಪೋದಲ್ಲಿ ಹೇರಿ ಕಳಿಸಿಬಿಟ್ಟರು. ಆ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ.

ನಮ್ಮ ತಾಯಿ, ಅಮ್ಮಿ, ಅದನ್ನು ಹೊಸಿಲು ದಾಟಲು ಬಿಡಲಿಲ್ಲ. ಬಡವರ ಹುಡುಗಿಗೆ ಕೊಟ್ಟುಬಿಡಿ, ಪುಣ್ಯ ನನ್ನ ಮಗಳಿಗೆ ಸೇರಲಿ ಎಂದು ಅತ್ತರು. ಪುಣಜನೂರಿನಲ್ಲಿ ಮಾದೇವಣ್ಣನ ತಂಗಿಯ ಮಗಳ ಮದುವೆ ಹತ್ತಿರವಿತ್ತು. ಅವಳಿಗೇ ಎಂದಾಯಿತು.

ಮಾದೇವಣ್ಣ ತಲೆ ಕೆರೆದುಕೊಂಡ. “ಬಣ್ಣ ಬದ್ಲಾಯ್ಸ್ಬೇಕು ಸಾಬ್ರೆ. ತೀರ್ಕಂಡೋರ ಬೀರು ಅಂತ ಗೊತ್ತಾದ್ರೆ ಗಂಡಿನ್ ಕಡೇರು ಮುಟ್ಟಾಕಿಲ್ಲ. ಸ್ಪ್ರೇನೇ ಹೊಡ್ದ್ಬುಡನ. ಈ ಮಳೇಲಿ ಎನಾಮಲ್ ಯಾವಾಗ ಒಣಗದು?”

ಹಳೆಯ ಎನಾಮಲ್ ಮೇಲೆ ಆ ಸ್ಪ್ರೇ ಬಿದ್ದರೆ ಕೆಳಗಿನ ಬಣ್ಣ ಬೊಬ್ಬೆ ಎದ್ದು ಸುಕ್ಕಾಗುತ್ತದೆ. ಅದಕ್ಕೇ ಮೊದಲು ಕಬ್ಬಿಣ ಕಾಣುವತನಕ ಎಲ್ಲವನ್ನೂ ಕೆರೆಯಬೇಕು. ಎನಾಮಲ್ ಮೇಲೆ ಎನಾಮಲ್ಲೇ ಹಚ್ಚುವುದಾದರೆ ಅದು ಬೇಕಿಲ್ಲ. ಶೆಡ್ಡಿನಲ್ಲೇ ಬೆಳೆದ ನನಗೆ ಅಷ್ಟು ಗೊತ್ತಿತ್ತು. ಮಾದೇವಣ್ಣ ಉಳಿ ಹಿಡಿದು ಒಳಬಾಗಿಲು ತೆರೆದಾಗ ನಾನು ಓಡಿ ಹೋಗಿ ಅಬ್ಬನ ಕೈ ಎಳೆದೆ.

“ಆಪಾನ್ ಹೆಬ್ಬೆಟ್ಟು ಹೊಂಟೋಯ್ತದಾ ಅಬ್ಬಾ?”

ಅಬ್ಬ ಬಾಯಲ್ಲಿದ್ದ ಬೆಲ್ಲವನ್ನು ಆಚೆ ಉಗಿದರು. ಆ ಬಾಗಿಲನ್ನು ತಾವೇ ಮುಚ್ಚಿದರು.

“ಉಳಿ ಮಡುಗು ಮಾದೇವ. ಎನಾಮಲ್ ಡಬ್ಬ ತಗಿ. ಒಣಗಿಸೋ ಜವಾಬ್ದಾರಿ ನಂದು.”

ಬೂದುಬಣ್ಣ ಹಚ್ಚಿದರು. ಹಿಡಿತಕ್ಕೆಂದು ಬೀರುವನ್ನೆಲ್ಲ ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿದವರು ಆ ಒಂದು ಜಾಗ ಮುಟ್ಟಲಿಲ್ಲ. ಅಲ್ಲಿ ತೆಳ್ಳಗೆ ಒಂದೇ ಸಲ ಬ್ರಷ್ ಆಡಿಸಿದರು. ಮದುವೆಯವರೆಗೂ ಬೇರೆ ಕೆಲಸ ಮುಟ್ಟದೆ, ಬೀರುವಿನ ಸುತ್ತ ಇದ್ದಿಲ ಅಗ್ಗಿಷ್ಟಿಕೆಗಳನ್ನಿಟ್ಟು ಕೂತರು. ಬಣ್ಣ ಒಣಗಿದ ಮೇಲೆ ನಾನು ಕಣ್ಣು ಮುಚ್ಚಿ ತಡವಿದೆ. ಸಣ್ಣ ತಗ್ಗು ಬೆರಳಿಗೆ ಸಿಕ್ಕಿತು. ಆಮೇಲೆ ಬೀರು ಪುಣಜನೂರಿಗೆ ಹೋಯಿತು.

ಈಗ ಆ ಶೆಡ್ಡಿಲ್ಲ. ಬೀರುಗಳು ಬಣ್ಣ ಬಳಿದುಕೊಂಡೇ ಫ್ಯಾಕ್ಟರಿಯಿಂದ ಬರುತ್ತವೆ. ಅಬ್ಬ ಹಾಸಿಗೆ ಹಿಡಿದಿದ್ದಾರೆ. ಹೋದ ವರ್ಷ ಅವರನ್ನು ನೋಡಲು ಬಂದ ಮಾದೇವಣ್ಣ, ತಂಗಿಯ ಮಗಳು ಹೊಸ ಬೀರು ತಗೊಂಡು ಹಳೆಯದನ್ನು ಗುಜರಿಗೆ ಹಾಕಿದಳೆಂದು ಬಾಯ್ತಪ್ಪಿ ಹೇಳಿಬಿಟ್ಟ. ಅಬ್ಬ ಕೇಳಿದ್ದು ಒಂದೇ ಮಾತು.

“ಪೇಂಟ್ ಎದ್ದಿತ್ತೇನ್ಲಾ?”

“ಇಲ್ಲ ಸಾಬ್ರೆ. ಕಾಲು ತುಕ್ಕು ಹಿಡ್ದಿತ್ತು, ಅಷ್ಟೆಯ. ಪೇಂಟ್ ಹಂಗೇ ಇತ್ತು.”

ಅಬ್ಬ ಗೋಡೆಯ ಕಡೆ ಮಗ್ಗುಲಾದರು. ಆಪಾಳದೆಂದು ಕೈಯಿಂದ ಮುಟ್ಟಿ ನೋಡುವಂಥದ್ದು ಈಗ ನಮಗೆ ಎಲ್ಲಿಯೂ ಏನೂ ಉಳಿದಿಲ್ಲ.