ಪದ್ದು ಭಟ್ಟರ ಮೀನುಗಳಿಗೆ ಮರಾಠಿ ಬರುತ್ತಿರಲಿಲ್ಲ

ಬೆಳ್ಳುಳ್ಳಿಯನ್ನೂ ಒಳಗೆ ಬಿಡದ ಶುದ್ಧ ಶಾಕಾಹಾರಿ ಹೋಟೆಲಿನಲ್ಲಿ, ಗಲ್ಲಾಪೆಟ್ಟಿಗೆಯ ಪಕ್ಕಕ್ಕೇ ಆಳುದ್ದದ ಮೀನಿನ ತೊಟ್ಟಿ ಇಟ್ಟುಕೊಂಡು ಕೂತವರನ್ನು ನಾನು ಬೇರೆಲ್ಲೂ ಕಂಡಿಲ್ಲ. ನಾಸಿಕದಲ್ಲಿ ಮುಂಬೈ–ಆಗ್ರಾ ರಸ್ತೆಗೆ ಮುಖ ಮಾಡಿದ್ದ ಆ ಹೋಟೆಲಿನ ಯಜಮಾನರು ಕುಂದಾಪುರ ಕಡೆಯ ಪದ್ಮನಾಭ ಭಟ್ಟರು. ನಮಗೆ ಪದ್ದು ಭಟ್ಟರು, ಊರಿಗೆಲ್ಲ ಅಣ್ಣಾ. ಪಿಂಪಳಗಾಂವ್‌ನಿಂದ ಈರುಳ್ಳಿ ಹೇರಿಕೊಂಡು ಬರುವ ಲಾರಿಯವರು ಇಡ್ಲಿ ತಿಂದು ಕೈತೊಳೆದು, ಗಾಜಿನ ಹಿಂದೆ ತೇಲುವ ಕೆಂಪು ಮೀನುಗಳತ್ತ ಬೆರಳು ತೋರಿಸಿ, “ಅಣ್ಣಾ, ಹೇ ಫ್ರಾಯ್ ಮಿಳೇಲ್ ಕಾ?” ಎಂದು, ಅವನ್ನು ಹುರಿದು ಕೊಡುತ್ತೀರಾ ಎಂದು ಕೇಳುತ್ತಿದ್ದರು. ಭಟ್ಟರು ಮುಖದ ಒಂದು ಗೆರೆಯನ್ನೂ ಅಲುಗಿಸದೆ, ಇವರು ಹೋಟೆಲಿನ ಪಾಲುದಾರರು, ಹುರಿಯಬೇಕಾದರೆ ಅವರನ್ನೇ ಕೇಳಬೇಕು ಎಂದು ಮರಾಠಿಯಲ್ಲಿ ಹೇಳುತ್ತಿದ್ದರು. ಕೆಲವರು ಹೊರಡುವಾಗ ಆ ಪಾಲುದಾರರಿಗೂ ಒಂದು ನಮಸ್ಕಾರ ಹಾಕಿ ಹೋಗುತ್ತಿದ್ದರು.

ಅವರ ಸುಳ್ಳುಗಳಿಂದ ಯಾರಿಗೂ ನಷ್ಟವಾದದ್ದಿಲ್ಲ. ಆದರೆ ಅವು ಎಲ್ಲಿ ಶುರುವಾಗುತ್ತವೆ ಎಂಬುದು ಮಾತ್ರ ಯಾರಿಗೂ ಪತ್ತೆ ಹತ್ತುತ್ತಿರಲಿಲ್ಲ.

ಬ್ಯಾಂಕಿನ ವರ್ಗಾವಣೆಯ ಮೇಲೆ ಧಾರವಾಡದಿಂದ ನಾಸಿಕಕ್ಕೆ ಬಂದ ನನಗೆ ಆ ಹೋಟೆಲು ತವರಿನಂತಿತ್ತು. ಮನೆಯಲ್ಲಿ ಮಾತ್ರ ಒಂದು ಬಿಕ್ಕಟ್ಟು. ಮಗಳು ಮುಕ್ತಾಳಿಗೆ ಕನ್ನಡ ತಿಳಿಯುತ್ತಿತ್ತು, ಆಡುತ್ತಿರಲಿಲ್ಲ. ಶಾಲೆ, ಗೆಳತಿಯರು, ಜಗಳ ಎಲ್ಲ ಮರಾಠಿಯಲ್ಲೇ. ನನ್ನ ಅವ್ವನಿಗೆ ಮರಾಠಿ ಬಾರದು. ಮೊದಮೊದಲು ನಾನೂ ಹೆಂಡತಿಯೂ ನಡುವೆ ನಿಂತು ಅರ್ಥ ಹೇಳುತ್ತಿದ್ದೆವು. ಆಮೇಲೆ ಅಜ್ಜಿ ಮೊಮ್ಮಗಳಿಬ್ಬರಿಗೂ ಬೇಸರವಾಯಿತು. ಒಂದೇ ಕೋಣೆಯಲ್ಲಿ, ಬೇರೆ ಬೇರೆ ರೈಲು ಕಾಯುವವರಂತೆ ಕೂತಿರುತ್ತಿದ್ದರು.

ಇಂಥದ್ದರಲ್ಲಿ ಮುಕ್ತಾ ಭಟ್ಟರ ತೊಟ್ಟಿ ನೋಡಿ ಬಂದು, “ಮಲಾ ಮಾಸೆ ಪಾಹಿಜೇತ್” ಎಂದು ಹಟ ಹಿಡಿದಳು. ಮೀನು ಬೇಕು ಎಂಬುದನ್ನು ಅವ್ವನಿಗೆ ಯಾರೂ ಅರ್ಥ ಮಾಡಿಸಬೇಕಾಗಲಿಲ್ಲ.

“ನಮ್ಮ ಮನ್ಯಾಗ ಮೀನ ಬರೂದಿಲ್ಲ,” ಎಂದಳು ಅವ್ವ. “ತಿನ್ನಾಕೂ ಬ್ಯಾಡ, ನೋಡಾಕೂ ಬ್ಯಾಡ.”

ನಾನು ಭಟ್ಟರ ಮುಂದೆ ಹೇಳಿಕೊಂಡೆ. ಅವರು ಚಹಾ ಮುಗಿಯುವವರೆಗೆ ಯೋಚಿಸಿದರು. “ನಾಳೆ ಸಂಜೆ ಮಗಳನ್ನು ಕರ್ಕೊಂಡು ಬನ್ನಿ. ಅಮ್ಮನ ಹತ್ರ ನಾನು ಮಾತಾಡ್ತೇನೆ.”

ಮರುದಿನ ಅವರು ನಮ್ಮಿಬ್ಬರನ್ನು ಕರೆದೊಯ್ದ ಸಾಕುಮೀನಿನ ಅಂಗಡಿ ಕಾಲೇಜ್ ರೋಡಿನ ಹಿಂದಿನ ಗಲ್ಲಿಯಲ್ಲಿತ್ತು. ಅಂಗಡಿಯವನು ಮೊದಲಿಗೇ ಒಂದು ದುಂಡನೆಯ ಗಾಜಿನ ಬಟ್ಟಲು ತೆಗೆದು ಮೇಜಿನ ಮೇಲಿಟ್ಟ. ಒಳಗೊಂದು ಹೊಂಬಣ್ಣದ ಮೀನು. ಮುಕ್ತಾಳಿಗೆ ಅದೇ ಬೇಕು. ನನಗೂ ಅದೇ ಹಿಡಿಸಿತು. ಜಾಗ ಕಡಿಮೆ ಸಾಕು, ಟಿ.ವಿ. ಮೇಲೂ ಕೂರುತ್ತದೆ.

ಭಟ್ಟರು ನನ್ನ ಕೈ ಹಿಡಿದು ಹೊರಗೆ ಕರೆದುಕೊಂಡು ಹೋದರು. ಪಕ್ಕದಲ್ಲೇ ಟೆಲಿಫೋನ್ ಬೂತು, ಮೂರು ಕಡೆ ಗಾಜು. “ಒಳಗೆ ಹೋಗಿ, ಒಂದು ಸಂಗತಿ ತೋರಿಸಲಿಕ್ಕುಂಟು,” ಎಂದರು. ನಾನು ಹೋದೆ. ಅವರು ಬಾಗಿಲು ಹಾಕಿ ಬೆನ್ನು ಕೊಟ್ಟು ನಿಂತುಬಿಟ್ಟರು.

ಏಪ್ರಿಲ್ ತಿಂಗಳು. ಫ್ಯಾನು ಕೆಟ್ಟಿತ್ತು. ಸ್ವಲ್ಪ ಹೊತ್ತಿಗೆ ನನ್ನ ಕನ್ನಡಕದ ಮೇಲೆ ಹಬೆ ಕೂತಿತು. ಹೊರಗೆ ಫೋನಿಗಾಗಿ ಕಾದಿದ್ದ ಇಬ್ಬರು ನನ್ನನ್ನೇ ನೋಡತೊಡಗಿದರು. ಮುಕ್ತಾ ಬಂದು ಗಾಜಿನ ಮೇಲೆ ಬೆರಳಿನಿಂದ ಟಕಟಕ ಬಡಿದಳು.

“ಹೇಗುಂಟು?” ಎಂದರು ಭಟ್ಟರು, ತಿರುಗದೆಯೇ.

“ಸೆಕಿ ರೀ. ಬಾಗಿಲಾ ತಗೀರಿ.”

“ಊಟವೂ ಇದರೊಳಗೇ, ಸಂಡಾಸವೂ ಇದರೊಳಗೇ ಅಂತ ಎಣಿಸ್ಕೊಳ್ಳಿ. ಮತ್ತೆ ಹೊರಗಿನಿಂದ ಜನ ಬಂದು, ಎಷ್ಟು ಚಂದ ಉಂಟಲ್ಲ ಅಂತ ಹೇಳ್ತಾರೆ.”

ನಾನು ಬೆವೆತು ಹೊರಬಂದಾಗ ಮುಕ್ತಾ ನಕ್ಕು ನಕ್ಕು ನೆಲಕ್ಕೆ ಕೂತಿದ್ದಳು. ದುಂಡನೆಯ ಬಟ್ಟಲು ಬೇಡವೆಂದು ಅವಳೇ ಅಂಗಡಿಯವನಿಗೆ ಹೇಳಿದಳು. ಎರಡಡಿ ಉದ್ದದ ಚೌಕದ ತೊಟ್ಟಿ, ತಳಕ್ಕೆ ಹರಳು, ನೀರು ಸೋಸುವ ಪುಟ್ಟ ಮೋಟರು ಕೊಂಡೆವು. “ಚಿಕ್ಕ ಪಾತ್ರೆಯ ಸಾರು ಬೇಗ ಹಳಸ್ತದೆ, ಮೀನಿನ ನೀರೂ ಹಾಗೇ,” ಎನ್ನುವುದು ಭಟ್ಟರ ಲೆಕ್ಕ. ಅಷ್ಟಾದ ಮೇಲೆ ಮೀನು ಕೊಳ್ಳಲು ಹೊರಟರೆ ಅವರು ಅಡ್ಡ ಬಂದರು.

“ಈಗ ಮೀನಿಲ್ಲ. ಮೊದಲು ನೀರು ಹದಕ್ಕೆ ಬರಬೇಕು. ಹಾಲಿಗೆ ಹೆಪ್ಪು ಹಾಕಿದ ಕೂಡ್ಲೆ ಮೊಸರಾಗ್ತದಾ?”

ಮುಕ್ತಾಳ ಕಣ್ಣು ತುಂಬಿತು. ನನಗಂತೂ, ಬೂತಿನೊಳಗೆ ಬೆಂದು ಬಂದದ್ದು ಬರಿಯ ನೀರಿಗಾಗಿಯೇ ಎನಿಸಿತು.

ಮನೆಗೆ ಬಂದು ಭಟ್ಟರೇ ತೊಟ್ಟಿ ಇಟ್ಟರು, ನೀರು ತುಂಬಿಸಿದರು, ತಮ್ಮ ತೊಟ್ಟಿಯಿಂದ ತಂದಿದ್ದ ಒಂದು ಬೊಗಸೆ ಹರಳನ್ನು ಹೆಪ್ಪಿನ ಹಾಗೆ ಹಾಕಿದರು. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು.

“ಮೀನ ಎಲ್ಲೈತಿ?”

“ಮೀನು ಯಾರು ತಂದದ್ದು ಅಮ್ಮ? ಇದು ಗೋದಾವರಿ.” ಭಟ್ಟರು ಕೈಮುಗಿದರು. “ಮಕ್ಕಳಿರುವ ಮನೆಯಲ್ಲಿ ಹರಿಯುವ ಗೋದಾವರಿ ಇದ್ರೆ ಒಳ್ಳೇದು.”

ನಮ್ಮ ನಲ್ಲಿಯ ನೀರು ಗೋದಾವರಿಯ ಅಣೆಕಟ್ಟಿನಿಂದಲೇ ಬರುತ್ತಿತ್ತಾದ್ದರಿಂದ ಅದನ್ನು ಸುಳ್ಳೆನ್ನುವಂತೆಯೂ ಇರಲಿಲ್ಲ. ಅವ್ವ ಗಾಜಿಗೆ ಕುಂಕುಮ ಹಚ್ಚಿದಳು. ದಿನಾ ಬೆಳಿಗ್ಗೆ ತೊಟ್ಟಿಯ ಮುಂದೆ ಒಂದು ದಾಸವಾಳ ಇಡತೊಡಗಿದಳು. ಮೋಟರಿನ ಗುಳುಗುಳು ಸದ್ದಿಗೆ ಮಧ್ಯಾಹ್ನ ಒಳ್ಳೆ ನಿದ್ದೆ ಬರುತ್ತದೆ ಎಂದು ಹೇಳತೊಡಗಿದಳು. ಹೀಗೆ ಎರಡು ವಾರ ಕಳೆದ ಮೇಲೆ ಭಟ್ಟರು ಬಂದು, ತೊಟ್ಟಿಯ ಮುಂದೆ ಕೂತು ದೊಡ್ಡ ನಿಟ್ಟುಸಿರು ಬಿಟ್ಟರು.

“ಎಂತ ಮಾಡುದಮ್ಮ. ಗೋದಾವರಿಯೇನೋ ಬಂದಳು. ಮತ್ಸ್ಯಾವತಾರದವನಿಗೆ ಜಾಗ ಇದ್ದೂ ಬಿಡದೆ ಇದ್ರೆ ಅವನು ಎಂತ ಎಣಿಸಿಯಾನು?”

ಅವ್ವ ಸೊಂಟದ ಮೇಲೆ ಕೈಯಿಟ್ಟಳು. “ಭಟ್ರ, ನಾ ದಡ್ಡಿ ಅಂತ ತಿಳದೀರೇನು? ನೀರ ತಂದ ದಿನಾನ ಗೊತ್ತಾತು, ಹಿಂದ ಮೀನ ಬರ್ತೈತಿ ಅಂತ.” ಆಮೇಲೆ ನನ್ನ ಕಡೆ ತಿರುಗಿ, “ನಾಳೆ ಹೋಗಿ ತಗೊಂಡ ಬಾ. ಕರಿದೂ ಒಂದ ಇರಲಿ, ದೃಷ್ಟಿ ಆಗೂದಿಲ್ಲ,” ಎಂದಳು.

ನಾಲ್ಕಾರು ಗಪ್ಪಿ ಮೀನುಗಳೂ ಒಂದು ಕರಿಯ ಮೋಲಿ ಮೀನೂ ಬಂದವು. ಮುಕ್ತಾ ಗಾಜಿಗೆ ಮೂಗು ಒತ್ತಿ, “ಇಕಡೇ ಯೇ, ಇಕಡೇ ಯೇ” ಎಂದು ಕರೆದಳು. ಅವು ಹೊಸ ಜಾಗಕ್ಕೆ ಬೆದರಿ ಹರಳಿನ ಮರೆಯಲ್ಲಿ ಅಡಗಿದ್ದವು.

“ಮರಾಠಿ ಬರುದಿಲ್ಲ ಮಗಾ ಅವಕ್ಕೆ,” ಎಂದರು ಭಟ್ಟರು ಗಂಭೀರವಾಗಿ. “ನಮ್ಮೂರ ಕಡೆಯಿಂದ ಲಾರಿಯಲ್ಲಿ ಬಂದ ಮೀನು. ಕನ್ನಡದಲ್ಲಿ ಕರೆದ್ರೆ ಮಾತ್ರ ಮೇಲೆ ಬರ್ತವೆ. ಅಜ್ಜಿಯನ್ನು ಕೇಳು.”

ಅವು ಮುಂಬೈಯಿಂದ ಬಂದವೆಂದು ಅಂಗಡಿಯವನು ನನ್ನೆದುರಿಗೇ ಹೇಳಿದ್ದ. ನಾನು ಬಾಯಿ ತೆರೆಯುವಷ್ಟರಲ್ಲಿ ಭಟ್ಟರು ನನ್ನ ಕಾಲನ್ನು ಮೆಟ್ಟಿದರು.

ಮುಕ್ತಾ ಅನುಮಾನದಿಂದಲೇ ಅಜ್ಜಿಯ ಬಳಿ ಹೋದಳು. ಅಜ್ಜಿ ಕಾಳು ಆರಿಸುವುದನ್ನು ಬಿಟ್ಟು ಎದ್ದು ಬಂದು, ತೊಟ್ಟಿಯ ಮೇಲೆ ಒಂದು ಚಿಟಿಕೆ ಆಹಾರ ಉದುರಿಸಿ, “ಬರ್ರೆಪಾ, ಉಣ್ಣ ಬರ್ರಿ” ಎಂದಳು. ಕಾದು ಕಾದು ಕರಿಯ ಮೋಲಿ ಮೊದಲು ಮೇಲೆ ಬಂತು. ಹಿಂದೆಯೇ ಉಳಿದವು. ಮುಕ್ತಾಳ ಬಾಯಿ ತೆರೆದದ್ದು ಹಾಗೇ ಉಳಿಯಿತು.

ಅಲ್ಲಿಂದ ಮನೆಯಲ್ಲಿ ಗದ್ದಲವೋ ಗದ್ದಲ. ಮೀನಿಗೆ ಮಲಗು ಎನ್ನುವುದು ಹೇಗೆ, ಜಗಳಾಡಬೇಡ ಎನ್ನುವುದು ಹೇಗೆ, ಕಳ್ಳ ಎನ್ನುವುದು ಹೇಗೆ ಎಂದು ಅಜ್ಜಿಯ ಬೆನ್ನು ಹತ್ತಿ ಸನ್ನೆ ಮಾಡಿ ಕೇಳುವುದೇ ಕೇಳುವುದು. ಅಜ್ಜಿ ಕಲಿಸಿದ್ದು ಧಾರವಾಡದ ಕನ್ನಡ; ವಾರಕ್ಕೊಮ್ಮೆ ಬಂದು ಭಟ್ಟರು ಅದಕ್ಕೆ ಕುಂದಾಪುರದ ಒಗ್ಗರಣೆ ಹಾಕುತ್ತಿದ್ದರು. “ಏ ಕರಿಯಾ, ಎಂತಾ ಮಾಡಾಕತ್ತೀ ಮಾರಾಯಾ?” ಎಂದು ಮಗಳು ಮೀನನ್ನು ಗದರಿದ ದಿನ, ಕರ್ನಾಟಕದ ಯಾವ ಜಿಲ್ಲೆಯಲ್ಲೂ ಇಲ್ಲದ ಒಂದು ಭಾಷೆ ನಮ್ಮ ಮನೆಯಲ್ಲಿ ಹುಟ್ಟಿತೆಂದು ನನಗೆ ಖಾತ್ರಿಯಾಯಿತು. ಅಜ್ಜಿಯೂ ಮೊಮ್ಮಗಳೂ ಆ ಭಾಷೆಯಲ್ಲಿ ಜಗಳವಾಡತೊಡಗಿದ್ದು ಕೇಳಿ ಒಳಗೆ ಅಡುಗೆಮನೆಯಲ್ಲಿ ನನ್ನ ಹೆಂಡತಿ ಕಣ್ಣೊರೆಸಿಕೊಂಡಳು.

ಕೆಲವು ವರ್ಷಗಳಲ್ಲಿ ನನಗೆ ಔರಂಗಾಬಾದಿಗೆ ವರ್ಗವಾಯಿತು, ಇಂದಿನ ಛತ್ರಪತಿ ಸಂಭಾಜಿನಗರ. ಮೀನುಗಳನ್ನು ಯಾರಿಗಾದರೂ ಕೊಟ್ಟು ಹೋಗೋಣವೆಂದೆ. ಮುಕ್ತಾ ಊಟ ಬಿಟ್ಟಳು. ಭಟ್ಟರು ಹೋಟೆಲಿನಿಂದ ಮುಚ್ಚಳವಿರುವ ಸಾಂಬಾರಿನ ಡಬ್ಬಿಯೊಂದನ್ನು ತೊಳೆದು ತಂದು, ಮೀನುಗಳನ್ನು ಅವು ಈಜುತ್ತಿದ್ದ ನೀರಿನಲ್ಲೇ ತುಂಬಿ, ತೊಡೆಯ ಮೇಲಿಟ್ಟುಕೊಂಡು ನಮ್ಮೊಡನೆ ಕಾರಿನಲ್ಲಿ ಬಂದರು. ದಾರಿಯಲ್ಲಿ ಚಹಾ ಅಂಗಡಿಯವನೊಬ್ಬ ಡಬ್ಬಿಯಲ್ಲಿ ಏನಿದೆಯೆಂದು ಕೇಳಿದ. ಭಟ್ಟರು ತುಟಿಯ ಮೇಲೆ ಬೆರಳಿಟ್ಟು, “ಬಾಣಂತಿ,” ಎಂದರು. ಆ ಮಾತು ಮಾತ್ರ ನಿಜವಾಯಿತು. ಹೊಸ ಮನೆಯಲ್ಲಿ ಮುಚ್ಚಳ ತೆಗೆದರೆ ಒಳಗೆ ಸಾಸಿವೆಯಂಥ ಮರಿಗಳು. ಭಟ್ಟರಿಗೂ ಆಶ್ಚರ್ಯವಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅವರನ್ನು ಕಡೆಯದಾಗಿ ಕಂಡದ್ದು ಆ ಊರಿಗೆ ನಾವು ಹಳಬರಾದ ಮೇಲೆ. ಅವರ ಹೋಟೆಲಿನ ಹಳೆಯ ಅಡುಗೆಯವನ ಮಗಳ ಮದುವೆ ಕನ್ನಡ ಎಂಬ ಊರಿನಲ್ಲಿತ್ತು. ನಮ್ಮಲ್ಲಿಂದ ಬಸ್ಸಿನಲ್ಲಿ ಹೋಗುವಷ್ಟು ದೂರದ ತಾಲ್ಲೂಕು ಊರು, ಹೆಸರೇ ಹಾಗೆ. ಭಟ್ಟರು ನಮ್ಮನ್ನೆಲ್ಲ ಹೊರಡಿಸಿದರು. ನಿಲ್ದಾಣದಲ್ಲಿ ಕಂಡಕ್ಟರು “ಕನ್ನಡ, ಕನ್ನಡ” ಎಂದು ಕೂಗುತ್ತಿದ್ದ. ಬಸ್ಸು ಹತ್ತಿ ಕೂತ ಅವ್ವ, “ಕನ್ನಡ ಕನ್ನಡ ಅಂತ ಒದರ್ತಾರ, ಒಬ್ಬರಿಗೂ ಬರೂದಿಲ್ಲ,” ಎಂದು ಗೊಣಗಿದಳು.

ಮದುವೆ ಊಟ ಮುಗಿಸಿ ಸಂತೆಗೆ ಹೋದೆವು. ಶೇಂಗಾ ಮಾರುತ್ತಿದ್ದ ಹೆಂಗಸಿನ ಮುಂದೆ ನಿಂತು ಭಟ್ಟರು ಶುದ್ಧ ಕುಂದಾಪುರದ ಧಾಟಿಯಲ್ಲಿ ಬೆಲೆ ಕೇಳಿದರು. ಅವಳು ಕಣ್ಣು ಕಣ್ಣು ಬಿಟ್ಟಳು. ಭಟ್ಟರು ಮರಾಠಿಗೆ ತಿರುಗಿ, ಇದು ನಿಮ್ಮ ಊರಿನದೇ ಭಾಷೆ, ತಾಯಿ, ಹೆಸರು ಉಳಿಸಿಕೊಂಡು ಮಾತನ್ನು ಮರೆತಿದ್ದೀರಿ ಎಂದರು. ಅವಳು ಗಾಬರಿಯಾಗಿ ಅವ್ವನ ಕಡೆ ನೋಡಿದಳು. ಅವ್ವ ಬುಟ್ಟಿಯತ್ತ ಬೆರಳು ತೋರಿಸಿ, “ಶೇಂಗಾ,” ಎಂದಳು.

“ಶೇಂಗಾ? ಆಮ್ಹೀ ಪಣ್ ಶೇಂಗಾಚ್ ಮ್ಹಣತೋ,” ಎಂದಳು ಹೆಂಗಸು. ನಾವೂ ಶೇಂಗಾ ಅಂತಲೇ ಅನ್ನುತ್ತೇವಲ್ಲ ಎಂದು ಅವಳ ಮುಖ ಅರಳಿತು.

“ನೋಡಿ, ಒಂದಾದರೂ ಉಳಿದಿದೆ,” ಎಂದರು ಭಟ್ಟರು ಮರಾಠಿಯಲ್ಲೇ. ಅವಳು ಖುಷಿಯಿಂದ ಒಂದು ಹಿಡಿ ಹೆಚ್ಚಿಗೆ ಹಾಕಿದಳು. ಮುಕ್ತಾ ಕನ್ನಡದಲ್ಲಿ ಅರ್ಥ ಹೇಳಿದ್ದೇ ತಡ, ಅವ್ವ ನಗುವಿನಲ್ಲಿ ನಿಲ್ಲಲಾರದೆ ಅವಳ ಹೆಗಲು ಹಿಡಿದುಕೊಂಡಳು.

ಭಟ್ಟರು ಅಲ್ಲಿಂದಲೇ ನಾಸಿಕದ ಬಸ್ಸು ಹತ್ತಿದರು. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬಸ್ಸು ಹೊರಡುವ ಮುಂಚೆಯೇ ಪಕ್ಕದ ಪ್ರಯಾಣಿಕನ ಕಡೆ ವಾಲಿ ಏನೋ ಹೇಳತೊಡಗಿದ್ದರು. ಟೋಪಿ ತೊಟ್ಟ ಆ ಮುದುಕ ಮೊದಲು ತಲೆಯಾಡಿಸಿದ, ಆಮೇಲೆ ಟೋಪಿ ತೆಗೆದ, ಆಮೇಲೆ ಎರಡೂ ಕೈ ಜೋಡಿಸಿ ನಮ್ಮ ಕಡೆ ತಿರುಗಿ ಭಕ್ತಿಯಿಂದ ನಮಸ್ಕರಿಸಿದ. ಅವ್ವ ಗಡಿಬಿಡಿಯಲ್ಲಿ ತಾನೂ ಕೈಮುಗಿದಳು.

“ನಮ್ಮ ಬಗ್ಗೆ ಏನ ಹೇಳಿದ್ರೋ ಅವಗ?” ಎಂದಳು, ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ.

ಮುಂದಿನ ಸಲ ಬಂದಾಗ ಕೇಳೋಣವೆಂದೆ. ಆ ಚಳಿಗಾಲದಲ್ಲಿ, ಊಟ ಮಾಡಿ ಅಡ್ಡಾದ ಭಟ್ಟರು ಏಳಲಿಲ್ಲವೆಂದು ನಾಸಿಕದಿಂದ ಫೋನು ಬಂತು. ಆ ಮುದುಕನಿಗೆ ನಾವು ಯಾರಾಗಿದ್ದೆವೋ, ನಮಗೆ ಇವತ್ತಿಗೂ ಗೊತ್ತಿಲ್ಲ.