ಎಣ್ಣೂರಿಗೆ ಹೋದ ಪೆಂಗ್ವಿನ್

ನನ್ನ ಅತ್ತೆಗೆ ಎಪ್ಪತ್ತೊಂದು ವರ್ಷವಾಗಿದ್ದಾಗ ನಾನು ಅವರಿಗೆ ಜಿಯೋಕ್ಯಾಶಿಂಗ್ ಹುಚ್ಚು ಹಿಡಿಸಿದೆ. ಯಾರೋ ಎಲ್ಲೋ ಒಂದು ಪುಟ್ಟ ಡಬ್ಬಿ ಬಚ್ಚಿಟ್ಟು, ಅದರ ಜಾಗವನ್ನು ವೆಬ್‌ಸೈಟಿನಲ್ಲಿ ಹಾಕುತ್ತಾರೆ. ನಾವು ಫೋನ್ ಹಿಡಿದು ಹುಡುಕಿ, ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು. ಆಟ ಅಷ್ಟೇ. ಹಾಸನದಿಂದ ತ್ರಿಪ್ಲಿಕೇನಿನ ನಮ್ಮ ಮನೆಗೆ ಬಂದಿದ್ದ ಅತ್ತೆ, ಕಲ್ಲುಸಂದಿಗಳಿಗೆ ಕೈ ಹಾಕುವುದರಲ್ಲಿ ನನ್ನನ್ನೂ ಮೀರಿಸಿದರು.

ನೆಲ್ಲೂರಿನ ಬಳಿಯ ಒಂದು ಡಬ್ಬಿಯಲ್ಲಿ ಅವರಿಗೆ ಹೆಬ್ಬೆರಳು ಗಾತ್ರದ ಉಲ್ಲನ್ ಪೆಂಗ್ವಿನ್ ಸಿಕ್ಕಿತು. ಕುತ್ತಿಗೆಯಲ್ಲಿ ನಂಬರ್ ಕೊರೆದ ಬಿಲ್ಲೆ. ಇಂಥವನ್ನು ಟ್ರ್ಯಾಕೆಬಲ್ ಎನ್ನುತ್ತಾರೆ. ಸಿಕ್ಕವರು ಅದನ್ನು ಇನ್ನೊಂದು ಡಬ್ಬಿಗೆ ಸಾಗಿಸಬೇಕು. ನಂಬರ್ ಹಾಕಿ ನೋಡಿದರೆ ಅದು ಸುತ್ತಿದ ದಾರಿಯೆಲ್ಲ ಕಾಣುತ್ತದೆ. ಇದನ್ನು ಹೆಣೆದವರು ನಾರ್ವೆಯ ಒಬ್ಬ ನಿವೃತ್ತ ಟೀಚರು. ಪೆಂಗ್ವಿನ್ ದಕ್ಷಿಣಕ್ಕೇ ಹೋಗಬೇಕು, ದಕ್ಷಿಣ ಧ್ರುವ ಸಿಗುವವರೆಗೂ ಹೋಗುತ್ತಿರಬೇಕು ಎಂದು ಅವರು ಬರೆದಿದ್ದರು.

ಅತ್ತೆ ಅದನ್ನು ತಮ್ಮ ಕೈಚೀಲದ ಜಿಪ್ಪಿಗೆ ಕಟ್ಟಿಕೊಂಡರು. ಮಾಧವರಂನಲ್ಲಿ ನೆಲ್ಲೂರಿನ ಬಸ್ಸಿಳಿದು, ಸಿಟಿ ಬಸ್ ಹಿಡಿದು ಮನೆ ಸೇರಿದಾಗ ಜಿಪ್ಪಿನಲ್ಲಿ ದಾರದ ತುಂಡು ಮಾತ್ರ ಉಳಿದಿತ್ತು.

“ಪರದೇಶದ ಹೆಂಗಸಿನ ಮುಂದೆ ಮಾನ ಹೋಯ್ತಲ್ಲೇ. ನಡಿ, ಹೋಗಿ ಕೇಳ್ಬಿಡೋಣ” ಎಂದರು ಅತ್ತೆ.

ಮರುದಿನ ಬೆಳಿಗ್ಗೆ ಮಾಧವರಂ ಬಸ್‌ಸ್ಟ್ಯಾಂಡಿನ ಆಫೀಸಿನಲ್ಲಿ ಕನ್ನಡಕದ ಗುಮಾಸ್ತರೊಬ್ಬರು ರಿಜಿಸ್ಟರ್ ತೆರೆದು, ಏನು ಕಳೆಯಿತು ಎಂದು ತಮಿಳಿನಲ್ಲಿ ಕೇಳಿದರು.

“ಪೆಂಗ್ವಿನ್” ಎಂದೆ.

ಅವರ ಪೆನ್ನು ನಿಂತಿತು. “ಉಯಿರೋಡಯಾ?” ಜೀವಂತವೇ ಎಂದು ಕೇಳುತ್ತಿದ್ದರು.

“ಇಲ್ಲ ಸಾರ್, ಉಲ್ಲನ್ನಿಂದು.”

“ನಿಮ್ಮದಾ?”

“ಅಲ್ಲ, ನಾರ್ವೆಯವರದು.”

“ಅವರೆಲ್ಲಿ?”

“ನಾರ್ವೆಯಲ್ಲೇ.”

“ಮತ್ತೆ ಇದು ಎಲ್ಲಿಗೆ ಹೊರಟಿತ್ತು?”

ಅತ್ತೆ ತಮ್ಮ ಹರಕು ತಮಿಳಿನಲ್ಲಿ, “ಸೌತ್ ಪೋಲ್ ಪೋಗುದು ಸಾರ್” ಎಂದುಬಿಟ್ಟರು.

ಗುಮಾಸ್ತರು ನಮ್ಮಿಬ್ಬರನ್ನೂ ಶಾಂತವಾಗಿ ನೋಡಿದರು. “ಇಲ್ಲಿಂದ ಆಂಧ್ರದ ಕಡೆ ಬಸ್ ಮಾತ್ರ ಅಮ್ಮಾ. ಸೌತ್ ಬಸ್ಸೆಲ್ಲ ಬೇರೆ ಸ್ಟ್ಯಾಂಡು.”

ನಾನು ಕೆಮ್ಮು ಬಂದಂತೆ ನಟಿಸಿ ಹೊರಗೋಡಿದೆ. ಅತ್ತೆ ಹಿಂದೆಯೇ ಬಂದರು, ಸೆರಗು ಬಾಯಿಗೆ ತುರುಕಿಕೊಂಡು. ನೀರಿನ ಟ್ಯಾಂಕಿನ ಪಕ್ಕ ಕೂತು ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಪೆಂಗ್ವಿನ್ ಮಾತ್ರ ಸಿಗಲಿಲ್ಲ.

ಆ ಟೀಚರಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಅವರ ಉತ್ತರ ಬೇಗ ಬಂತು: ಚಿಂತೆ ಬೇಡ, ಇದು ಮೂರನೇ ಸಲ ಕಳೆಯುತ್ತಿರುವುದು, ಅದೇ ನಂಬರಿನ ಇನ್ನೊಂದು ಬಿಲ್ಲೆ ನನ್ನ ಬಳಿ ಇದೆ, ಒಂದು ತಿಂಗಳು ಕಾದು ನೋಡೋಣ.

ಹತ್ತೇ ದಿನಕ್ಕೆ ಪೆಂಗ್ವಿನ್ನಿನ ಪುಟದಲ್ಲಿ ಹೊಸ ಬರಹ ಕಾಣಿಸಿಕೊಂಡಿತು. ಎಣ್ಣೂರಿನ ಒಬ್ಬ ಕಾಲೇಜು ಹುಡುಗಿ ಬಿಲ್ಲೆಯ ನಂಬರ್ ಹಾಕಿ ಪುಟ ಹುಡುಕಿ ಬರೆದಿದ್ದಳು: “ಅಮ್ಮನ ವೈರ್ ಬ್ಯಾಗಿಗೆ ಸಿಕ್ಕಿಕೊಂಡು ಬಂತು. ನಮ್ಮ ಬೆಕ್ಕು ಇದನ್ನು ಬಿಡುತ್ತಿಲ್ಲ. ಬೇಗ ಬನ್ನಿ.”

“ದಕ್ಷಿಣಕ್ಕೆ ಹೋಗು ಅಂದ್ರೆ ಉತ್ತರಕ್ಕೆ ಹೋಗಿ ಕೂತಿದೆ ನೋಡು” ಎಂದು ಅತ್ತೆ ಚಪ್ಪಲಿ ಮೆಟ್ಟಿದರು.

ಹುಡುಗಿಯ ಅಮ್ಮ ಒಣಮೀನು ಮಾರುವವರು. ಸಿಟಿ ಬಸ್ಸಿನಲ್ಲಿ ಅತ್ತೆಯ ಪಕ್ಕದಲ್ಲೇ ಕೂತಿದ್ದರಂತೆ. “ವಾಂಗ, ವಾಂಗ” ಎಂದು ನಮ್ಮನ್ನು ಒಳಗೆ ಕರೆದು ಕಾಫಿ ಕೊಟ್ಟರು. ಬೆಳ್ಳುಳ್ಳಿಯನ್ನೂ ಮುಟ್ಟದ ಅತ್ತೆ ಮೀನಿನ ಬುಟ್ಟಿಗಳ ನಡುವೆ ಸ್ಟೂಲಿನಲ್ಲಿ ಕೂತು, ಆ ಹೆಂಗಸಿನೊಂದಿಗೆ ಮಂಡಿನೋವಿನ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಅವರು ತಮಿಳಿನಲ್ಲಿ, ಇವರು ಕನ್ನಡದಲ್ಲಿ. ಇಬ್ಬರಿಗೂ ಎಲ್ಲ ಅರ್ಥವಾಗುತ್ತಿತ್ತು. ಅಷ್ಟರಲ್ಲಿ ಹುಡುಗಿಯೂ ನಾನೂ ಮಂಚದ ಕೆಳಗೆ ಬೋರಲು ಮಲಗಿ, ಬೆಕ್ಕಿನ ಬಾಯಿಂದ ಪೆಂಗ್ವಿನ್ ಬಿಡಿಸಿದೆವು. ಒಂದು ಕಣ್ಣು ಹೋಗಿತ್ತು. ಬಿಲ್ಲೆ ಭದ್ರವಾಗಿತ್ತು.

ವಾಪಸ್ ಬರುವಾಗ ಬಸ್ಸಿನಲ್ಲಿ ಪೆಂಗ್ವಿನ್ನಿನ ಒಣಮೀನು ವಾಸನೆ ತಾಳದೆ ನಮ್ಮ ಹಿಂದಿನ ಸೀಟಿನವರು ಎದ್ದು ಮುಂದೆ ಹೋದರು. ಅತ್ತೆ ಕಿಟಕಿಯತ್ತ ಮುಖ ತಿರುಗಿಸಿ, ಭುಜ ಅಲುಗುವಂತೆ ನಗುತ್ತಿದ್ದರು. ಮನೆಯಲ್ಲಿ ಅದಕ್ಕೆ ಎರಡು ಸಲ ಶಾಂಪೂ ಸ್ನಾನವಾಯಿತು. ಹೋದ ಕಣ್ಣಿನ ಜಾಗಕ್ಕೆ ಅತ್ತೆ ಕಪ್ಪು ದಾರದ ಗಂಟು ಹಾಕಿದರು. ಅದು ಕೊಂಚ ದೊಡ್ಡದಾಗಿ, ಪೆಂಗ್ವಿನ್ನಿಗೆ ಸದಾ ಬೆರಗಿನ ನೋಟ ಬಂತು. ಫೋಟೋ ನೋಡಿದ ಟೀಚರು, ತಾನು ಹಾಕಿದ್ದಕ್ಕಿಂತ ಈ ಕಣ್ಣೇ ಚೆನ್ನಾಗಿದೆ ಎಂದು ಬರೆದರು.

ಆ ಭಾನುವಾರ ಮಹಾಬಲಿಪುರದ ದಾರಿಯ ಒಂದು ಡಬ್ಬಿಯಲ್ಲಿ ಅದನ್ನು ಬಿಟ್ಟು ಬಂದೆವು. ಎರಡು ವಾರದ ಮೇಲೆ ಪುದುಚೇರಿಯ ಯಾರೋ ಅದನ್ನು ಎತ್ತಿಕೊಂಡು, “ಪೆಂಗ್ವಿನ್ ಚೆನ್ನಾಗಿದೆ. ವಾಸನೆ ಮಾತ್ರ ನಿಜವಾದ ಪೆಂಗ್ವಿನ್ನಿನದೇ” ಎಂದು ಬರೆದಿದ್ದರು. ಅತ್ತೆ ಅದನ್ನು ನನ್ನಿಂದ ಮೂರು ಸಲ ಓದಿಸಿದರು. ಮೂರನೇ ಸಲಕ್ಕೆ ನಗು ತಡೆಯಲಾರದೆ ನನಗೆ ಓದಿ ಮುಗಿಸಲು ಆಗಲೇ ಇಲ್ಲ.